ಎಂಜಿಬಿ ಎಂಜಿನ್‌ನ ಮುಂಭಾಗ ಕಟ್ಟುವುದು: ಟೈಮಿಂಗ್ ಚೈನ್‌ನಿಂದ ಫ್ಯಾನ್ ಬೆಲ್ಟ್‌ವರೆಗೆ

ಹಳೆಯ ಕಾರಿನ ಎಂಜಿನ್ ಬಿಚ್ಚಿ ಕಟ್ಟುವಾಗ ದುಡ್ಡು, ಗಮನ ಎರಡೂ ಹೋಗುವುದು ಪಿಸ್ಟನ್, ಬೇರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಕಡೆಗೆ. ಆದರೆ ಎಂಜಿನ್ ಸ್ಟಾರ್ಟ್ ಆದ ಮೊದಲ ವಾರದಲ್ಲಿ ಬರುವ ದೂರುಗಳು ಬಹುಪಾಲು ಮುಂಭಾಗದವು. ಪುಲಿ ಕೆಳಗೆ ಆಯಿಲ್ ತೊಟ್ಟಿಕ್ಕುವುದು, ಬೆಳಗಿನ ಸ್ಟಾರ್ಟ್‌ನಲ್ಲಿ ಚೈನ್ ಗಲಗಲ ಎನ್ನುವುದು, ಹೊಸ ಸೀಲ್ ಹಾಕಿಯೂ ಸೋರುವುದು. ಇವುಗಳಿಗೆ ಕಾರಣವಾಗುವ ಭಾಗಗಳು ಚಿಕ್ಕವು, ಬೆಲೆಯೂ ಕಡಿಮೆ. ಕೆಡುವುದು ಅವುಗಳನ್ನು ಕೂರಿಸುವ ಕ್ರಮದಲ್ಲಿ.

ಇಲ್ಲಿ ಹೇಳಿರುವುದು ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ 1798 ಸಿಸಿ ಎಂಜಿನ್ ಬಗ್ಗೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾದ ಈ ಕಾರಿನದು ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಎಂಜಿನ್. ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಅದೇ ಕುಟುಂಬದ್ದು. ಹಾಗಾಗಿ ಶಿಮ್ (ಸಂದು ತುಂಬುವ ತೆಳು ತಗಡಿನ ಬಿಲ್ಲೆ) ಅಳೆಯುವುದು, ಸೀಲ್ ಸೆಂಟರ್ ಮಾಡುವುದು ಮುಂತಾದ ವಿಧಾನಗಳು ಅಂಬಾಸಿಡರ್ ಇಟ್ಟುಕೊಂಡವರಿಗೂ ಉಪಯೋಗಕ್ಕೆ ಬರುತ್ತವೆ. ಆದರೆ ಟಾರ್ಕ್, ವಾಲ್ವ್ ಟೈಮಿಂಗ್, ಚೈನ್ ಮತ್ತು ಟೆನ್ಷನರ್ (ಚೈನ್ ಬಿಗಿಯಾಗಿ ಹಿಡಿಯುವ ಭಾಗ) ಮಾದರಿಯನ್ನು ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ.

ಶುರು ಮಾಡುವ ಮುಂಚೆ

ಬ್ಲಾಕ್ ಸ್ಟ್ಯಾಂಡ್ ಮೇಲಿರಲಿ. ಕ್ರ್ಯಾಂಕ್, ಪಿಸ್ಟನ್, ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್; ಟೈಮಿಂಗ್ ಚೈನ್ ಇದನ್ನು ಕ್ರ್ಯಾಂಕ್‌ಗೆ ಜೋಡಿಸುತ್ತದೆ) ಒಳಗೆ ಕೂತಿರಬೇಕು. ಹೆಡ್ ಮತ್ತು ಸಂಪ್ (ತಳದ ಆಯಿಲ್ ತೊಟ್ಟಿ) ಇನ್ನೂ ಹಾಕಿರಬಾರದು. ಹೆಡ್ ಇಲ್ಲದಿದ್ದರೆ ವಾಲ್ವ್‌ಗೆ ಪಿಸ್ಟನ್ ತಾಗುವ ಭಯವಿಲ್ಲದೆ ಕ್ಯಾಮ್ ತಿರುಗಿಸಬಹುದು. ಸಂಪ್ ಇಲ್ಲದಿದ್ದರೆ ಕ್ರ್ಯಾಂಕ್ ವೆಬ್ ಮತ್ತು ಬ್ಲಾಕ್ ಗೋಡೆಯ ನಡುವೆ ಮರದ ತುಂಡಿಟ್ಟು ಕ್ರ್ಯಾಂಕ್ ತಿರುಗದಂತೆ ಹಿಡಿಯಬಹುದು. ದೊಡ್ಡ ನಟ್ಟು ಬಿಗಿಯುವಾಗ ಇದು ಬೇಕೇ ಬೇಕು.

ಹೊಸದಾಗಿ ತರಬೇಕಾದವು: ಟೈಮಿಂಗ್ ಚೈನ್, ಟೆನ್ಷನರ್, ಫ್ರಂಟ್ ಪ್ಲೇಟ್ ಗ್ಯಾಸ್ಕೆಟ್, ಟೈಮಿಂಗ್ ಕವರ್ ಗ್ಯಾಸ್ಕೆಟ್, ಆಯಿಲ್ ಸೀಲ್, ವಾಟರ್ ಪಂಪ್ ಗ್ಯಾಸ್ಕೆಟ್, ಥರ್ಮೋಸ್ಟಾಟ್ ಗ್ಯಾಸ್ಕೆಟ್, ಎಲ್ಲ ಲಾಕ್ ವಾಷರ್‌ಗಳು. ಒಮ್ಮೆ ಬಗ್ಗಿಸಿದ ಲಾಕ್ ವಾಷರ್ ಕಿವಿಯನ್ನು ಬಿಡಿಸಿ ಮತ್ತೆ ಬಗ್ಗಿಸಿದರೆ ಬುಡದಲ್ಲಿ ಸೀಳುತ್ತದೆ, ಮುರಿದ ಚೂರು ಚೈನ್‌ಗೆ ಹೋಗುತ್ತದೆ. ಅದರಲ್ಲಿ ಉಳಿತಾಯ ಮಾಡಬೇಡಿ. ಸ್ಪ್ರಾಕೆಟ್ ಹಲ್ಲುಗಳು ಒಂದು ಕಡೆಗೆ ಕೊಕ್ಕೆಯಂತೆ ಬಾಗಿದ್ದರೆ ಎರಡೂ ಸ್ಪ್ರಾಕೆಟ್ ಬದಲಿಸಿ. ಹಳೆಯ ಹಲ್ಲಿನ ಮೇಲೆ ಹೊಸ ಚೈನ್ ಬಾಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ಎಂಜಿಬಿಯ ಹೆಚ್ಚಿನ ಎಂಜಿನ್‌ಗಳಲ್ಲಿ ಜೋಡಿ ಸಾಲಿನ ಚೈನ್ ಇದೆ, ಕೊನೆಯ ವರ್ಷಗಳ 18ವಿ ಎಂಜಿನ್‌ಗಳಲ್ಲಿ ಒಂಟಿ ಸಾಲಿನದು. ಒಂದರಿಂದ ಇನ್ನೊಂದಕ್ಕೆ ಹೋಗುವುದಾದರೆ ಎರಡು ಸ್ಪ್ರಾಕೆಟ್, ಚೈನ್, ಟೆನ್ಷನರ್ ಎಲ್ಲವೂ ಒಟ್ಟಿಗೆ ಬದಲಾಗಬೇಕು.

ಪಾನಾಗಳ ವಿಷಯ: ಇದು ಇಂಚಿನ ಎಂಜಿನ್. ಕವರ್‌ನ 1/4 ಇಂಚಿನ ಬೋಲ್ಟಿಗೆ 7/16, 5/16 ಇಂಚಿನ ಬೋಲ್ಟಿಗೆ 1/2 ಇಂಚಿನ ಪಾನಾ. ನಮ್ಮಲ್ಲಿ ಕೈಗೆ ಸಿಗುವುದು 13 ಮಿ.ಮೀ. ಪಾನಾ. 1/2 ಇಂಚು ಎಂದರೆ 12.7 ಮಿ.ಮೀ.; ಆ 0.3 ಮಿ.ಮೀ. ಸಡಿಲದಲ್ಲೇ ಬೋಲ್ಟಿನ ತಲೆ ಸವೆದು ಗುಂಡಗಾಗುವುದು. ಇಂಚಿನ ಸೆಟ್ ಒಂದನ್ನು ಕೊಂಡೇ ಕೆಲಸಕ್ಕೆ ಕೂರಿ. ಇದರ ಜೊತೆಗೆ ಟಾರ್ಕ್ ರೆಂಚ್, ಫೀಲರ್ ಗೇಜ್, ಸ್ಟೀಲ್ ಸ್ಕೇಲ್, ಡಯಲ್ ಗೇಜ್, ಡಿಗ್ರಿ ಡಿಸ್ಕ್ (ಡಿಗ್ರಿ ಗುರುತುಗಳಿರುವ ದುಂಡು ತಟ್ಟೆ), 1/8 ಇಂಚಿನ ಆಲನ್ ಕೀ ಇರಲಿ.

ಫ್ರಂಟ್ ಪ್ಲೇಟ್ ಮತ್ತು ಕ್ಯಾಮ್ ಪ್ಲೇಟ್

ಎಂಜಿಬಿಯಲ್ಲಿ ಮುಂದಿನ ಎಂಜಿನ್ ಮೌಂಟಿಂಗ್‌ಗಳು ಈ ಫ್ರಂಟ್ ಪ್ಲೇಟಿಗೇ ಬರುತ್ತವೆ, ಆದ್ದರಿಂದ ಪ್ಲೇಟ್ ಬರೀ ಮುಚ್ಚಳವಲ್ಲ, ಎಂಜಿನ್‌ನ ಭಾರ ಹೊರುವ ಭಾಗ. ಬ್ಲಾಕ್‌ನ ಮುಖ ಮತ್ತು ಪ್ಲೇಟಿನ ಎರಡೂ ಮುಖಗಳಿಂದ ಹಳೆಯ ಗ್ಯಾಸ್ಕೆಟ್ ಪೂರ್ತಿ ಕೆರೆದು ತೆಗೆಯಿರಿ. ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಪ್ಲೇಟ್ ಬಾಗಿದೆಯೇ ನೋಡಿ. ಬೋಲ್ಟಿನ ತೂತುಗಳನ್ನು ಸೀಮೆಎಣ್ಣೆಯಿಂದ ತೊಳೆದು, ಗಾಳಿ ಹೊಡೆದು ಒಣಗಿಸಿ. ಒಳಗೆ ಎಣ್ಣೆ ನಿಂತಿದ್ದರೆ ಬೋಲ್ಟು ತಳ ಮುಟ್ಟುವ ಮೊದಲೇ ಬಿಗಿಯಾದಂತೆ ಕಾಣುತ್ತದೆ, ಪ್ಲೇಟ್ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ.

ಗ್ಯಾಸ್ಕೆಟ್‌ಗೆ ತೀರಾ ತೆಳುವಾಗಿ ಸೀಲಿಂಗ್ ಪೇಸ್ಟ್ ಸವರಿ, ಎಲ್ಲ ಬೋಲ್ಟುಗಳನ್ನು ಕೈಯಲ್ಲಿ ಹಚ್ಚಿ, ಆಮೇಲೆ 20 ಫುಟ್-ಪೌಂಡ್‌ಗೆ, ಅಂದರೆ 27 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಲಾಕ್ ವಾಷರ್‌ನ ಕಿವಿಗಳನ್ನು ಬೋಲ್ಟಿನ ಚಪ್ಪಟೆ ಬದಿಗೆ ತಟ್ಟಿ ಕೂರಿಸಿ.

ಕ್ಯಾಮ್ ಮುಂದೆ ಹಿಂದೆ ಸರಿಯದಂತೆ ಹಿಡಿಯುವ ಪ್ಲೇಟ್ ಮೂರು ಬೋಲ್ಟಿನದು. ಅದನ್ನು ಬ್ಲಾಕಿಗೆ ಹಾಕುವ ಮೊದಲೇ ಕ್ಯಾಮ್, ಪ್ಲೇಟ್, ಸ್ಪ್ರಾಕೆಟ್ ಮೂರನ್ನೂ ಜೋಡಿಸಿ ನಟ್ಟು ಬಿಗಿದು, ಪ್ಲೇಟಿಗೂ ಕ್ಯಾಮ್‌ನ ಜರ್ನಲ್‌ಗೂ (ಬೇರಿಂಗ್‌ನಲ್ಲಿ ತಿರುಗುವ ಭಾಗ) ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆಯುವುದು ಒಳ್ಳೆಯದು. 0.003ರಿಂದ 0.007 ಇಂಚು, ಅಂದರೆ 0.08ರಿಂದ 0.18 ಮಿ.ಮೀ. ಇರಬೇಕು. ಹೆಚ್ಚಿದ್ದರೆ ಪ್ಲೇಟ್ ಸವೆದಿದೆ, ಬದಲಿಸಿ. ಕ್ಯಾಮ್ ಆಗಲೇ ಬ್ಲಾಕಿನಲ್ಲಿದ್ದರೆ ಅದರ ತುದಿಗೆ ಡಯಲ್ ಗೇಜ್ ಹಚ್ಚಿ, ಸ್ಪ್ರಾಕೆಟ್ ಹಿಡಿದು ಹಿಂದೆ ಮುಂದೆ ಎಳೆದು ನೋಡಿದರೂ ಅದೇ ಅಳತೆ ಸಿಗುತ್ತದೆ.

ಸ್ಪ್ರಾಕೆಟ್‌ಗಳು ಒಂದೇ ಸಾಲಿಗೆ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಕ್ಯಾಮ್ ಸ್ಪ್ರಾಕೆಟ್ ಮತ್ತು ಕ್ರ್ಯಾಂಕ್ ಸ್ಪ್ರಾಕೆಟ್ ಒಂದೇ ಸಮತಲದಲ್ಲಿ ಇಲ್ಲದಿದ್ದರೆ ಚೈನ್ ಓರೆಯಾಗಿ ಓಡುತ್ತದೆ, ಲಿಂಕಿನ ಪಕ್ಕದ ಪಟ್ಟಿ ಹಲ್ಲಿಗೆ ಉಜ್ಜುತ್ತದೆ. ಕ್ರ್ಯಾಂಕ್, ಕ್ಯಾಮ್, ಸ್ಪ್ರಾಕೆಟ್ ಇವುಗಳಲ್ಲಿ ಯಾವ ಒಂದನ್ನು ಬದಲಿಸಿದ್ದರೂ ಹಳೆಯ ಶಿಮ್‌ಗಳ ಲೆಕ್ಕ ನಡೆಯುವುದಿಲ್ಲ, ಮತ್ತೆ ಅಳೆಯಬೇಕು.

ಚೈನ್ ಇಲ್ಲದೆ ಎರಡೂ ಸ್ಪ್ರಾಕೆಟ್‌ಗಳನ್ನು ಪೂರ್ತಿ ಒಳಕ್ಕೆ ಒತ್ತಿ ಕೂರಿಸಿ. ಕ್ಯಾಮ್ ಸ್ಪ್ರಾಕೆಟ್‌ನ ಹಲ್ಲುಗಳ ಪಕ್ಕದ ಮುಖಕ್ಕೆ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಸ್ಕೇಲಿಗೂ ಕ್ರ್ಯಾಂಕ್ ಸ್ಪ್ರಾಕೆಟ್‌ಗೂ ನಡುವೆ ಎಷ್ಟು ಸಂದಿದೆ ಎಂದು ಫೀಲರ್ ಗೇಜ್‌ನಿಂದ ನೋಡಿ. ಬಂದ ಅಳತೆಯಿಂದ 0.005 ಇಂಚು, ಅಂದರೆ 0.13 ಮಿ.ಮೀ. ಕಳೆಯಿರಿ. ಉಳಿದದ್ದೇ ಕ್ರ್ಯಾಂಕ್ ಸ್ಪ್ರಾಕೆಟ್ ಹಿಂದೆ ಸೇರಿಸಬೇಕಾದ ಶಿಮ್‌ನ ದಪ್ಪ. ಉದಾಹರಣೆಗೆ ಸಂದು 0.45 ಮಿ.ಮೀ. ಬಂದರೆ 0.32 ಮಿ.ಮೀ. ಶಿಮ್ ಬೇಕು. ಶಿಮ್ ಹಾಕಲು ಸ್ಪ್ರಾಕೆಟ್ ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ, ಕ್ರ್ಯಾಂಕ್ ಮೇಲಿನ ಅರ್ಧಚಂದ್ರದ ಕೀಗಳನ್ನು ತೆಗೆಯಬೇಕಾಗುತ್ತದೆ. ಶಿಮ್ ಸೇರಿಸಿದ ಮೇಲೆ ಮತ್ತೊಮ್ಮೆ ಸ್ಕೇಲ್ ಇಟ್ಟು ಖಾತ್ರಿ ಮಾಡಿಕೊಳ್ಳಿ.

ಆ ಕೀಗಳನ್ನೂ ಸ್ವಲ್ಪ ಗಮನಿಸಿ. ಅಂಚು ಜಜ್ಜಿದ್ದರೆ ಹೊಸದು ಹಾಕಿ. ಕೀ ತನ್ನ ತೋಡಿನಲ್ಲಿ ಅಲುಗಾಡದೆ, ಶಾಫ್ಟಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರಬೇಕು. ಹಿಂಬದಿ ಎದ್ದು ನಿಂತಿದ್ದರೆ ಸ್ಪ್ರಾಕೆಟ್ ಅದರ ಮೇಲೇರಿ ನಿಲ್ಲುತ್ತದೆ. ಆಗ ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ಆದರೆ ಸ್ಪ್ರಾಕೆಟ್ ಶಿಮ್‌ಗೆ ತಾಗಿರುವುದಿಲ್ಲ. ಒತ್ತುವಾಗ ಅರ್ಧದಾರಿಯಲ್ಲಿ ತಡೆ ಬಂದರೆ ಸುತ್ತಿಗೆ ಎತ್ತಬೇಡಿ, ಹೊರಗೆಳೆದು ಕೀ ನೋಡಿ.

ಚುಕ್ಕೆಗೆ ಚುಕ್ಕೆ

ಕ್ರ್ಯಾಂಕ್‌ನ ಕೀ ನೇರ ಮೇಲಕ್ಕೆ ಬರುವಂತೆ ತಿರುಗಿಸಿ. 1 ಮತ್ತು 4ನೇ ಪಿಸ್ಟನ್‌ಗಳು ಆಗ ತುದಿಯಲ್ಲಿ, ಎಂದರೆ ಏರಬಹುದಾದ ಅತಿ ಮೇಲಿನ ಜಾಗದಲ್ಲಿ ಇರುತ್ತವೆ. ಎದುರಿಂದ ನೋಡಿದಾಗ ಕ್ಯಾಮ್‌ನ ಕೀ ಗಡಿಯಾರದಲ್ಲಿ 1 ಗಂಟೆಯ ಜಾಗದಲ್ಲಿರಲಿ. ಬೆಂಚಿನ ಮೇಲೆ ಎರಡು ಸ್ಪ್ರಾಕೆಟ್‌ಗಳನ್ನೂ ಚೈನ್‌ನೊಳಗೆ ಇಟ್ಟು, ಅವುಗಳ ಮೇಲಿನ ಚುಕ್ಕೆ ಗುರುತುಗಳು ಎದುರುಬದುರಾಗಿ ಒಂದನ್ನೊಂದು ನೋಡುವಂತೆ ಹೊಂದಿಸಿ. ಹಾಗೆಯೇ ಒಟ್ಟಿಗೆ ಎತ್ತಿ ಎರಡೂ ಶಾಫ್ಟ್‌ಗಳ ಮೇಲೆ ಸಮನಾಗಿ ಒತ್ತಿ. ಕೀ ಕೂರದಿದ್ದರೆ ಕ್ಯಾಮ್ ಅನ್ನು ಕೂದಲೆಳೆಯಷ್ಟು ತಿರುಗಿಸಿ. ಕೂತ ಮೇಲೆ ಎರಡು ಚುಕ್ಕೆಗಳ ಮೇಲೂ ಸ್ಕೇಲ್ ಇಟ್ಟು ನೋಡಿ, ಅದು ಎರಡೂ ಶಾಫ್ಟ್‌ಗಳ ನಡುಮಧ್ಯದ ಮೂಲಕ ಹಾಯಬೇಕು. ಒಂದು ಹಲ್ಲು ತಪ್ಪಿದ್ದರೆ ಇಲ್ಲಿಯೇ ಎದ್ದು ಕಾಣುತ್ತದೆ.

ಕ್ಯಾಮ್ ನಟ್ಟಿಗೆ ಹೊಸ ಲಾಕ್ ವಾಷರ್ ಹಾಕಿ, ಕ್ರ್ಯಾಂಕ್‌ಗೆ ಮರದ ತುಂಡು ಕೊಟ್ಟು 60ರಿಂದ 70 ಫುಟ್-ಪೌಂಡ್‌ಗೆ (81ರಿಂದ 95 ನ್ಯೂಟನ್ ಮೀಟರ್) ಬಿಗಿಯಿರಿ. ಮರದ ಚಕ್ಕೆ ಒಳಗೆ ಉಳಿಯದಂತೆ ನೋಡಿಕೊಳ್ಳಿ. ವಾಷರ್ ಕಿವಿ ಬಗ್ಗಿಸುವುದನ್ನು ಡಿಗ್ರಿ ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯಿರಿ.

ಟೆನ್ಷನರ್

ಜೋಡಿ ಚೈನ್‌ನ ಎಂಜಿನ್‌ಗಳಲ್ಲಿ ಇರುವುದು ಆಯಿಲ್ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್. ರಬ್ಬರ್ ಮುಖದ ಸ್ಲಿಪ್ಪರ್, ಅದರೊಳಗೆ ಸ್ಪ್ರಿಂಗ್, ಮತ್ತು ತಿರುಚಿದ ತೋಡು ಇರುವ ಚಿಕ್ಕ ಸಿಲಿಂಡರ್. ಸ್ಪ್ರಿಂಗ್ ಸ್ಲಿಪ್ಪರ್ ಅನ್ನು ಚೈನ್‌ಗೆ ಒತ್ತುತ್ತದೆ, ಆಯಿಲ್ ಅದಕ್ಕೆ ಬಲ ಕೊಡುತ್ತದೆ, ತೋಡಿನ ಹಲ್ಲುಗಳು ಸ್ಲಿಪ್ಪರ್ ಹಿಂದಕ್ಕೆ ಜಾರದಂತೆ ತಡೆಯುತ್ತವೆ.

ಹಳೆಯ ಟೆನ್ಷನರ್ ಬಾಡಿಯನ್ನೇ ಬಳಸುವುದಾದರೆ ಅದರ ಬೋರ್ ಬಾಯಿಯನ್ನು ಎರಡು ದಿಕ್ಕಿನಲ್ಲಿ ಅಳೆಯಿರಿ. ವ್ಯತ್ಯಾಸ 0.003 ಇಂಚು, ಅಂದರೆ 0.08 ಮಿ.ಮೀ. ಮೀರಿದ್ದರೆ ಇಡೀ ಟೆನ್ಷನರ್ ಹೋಗಬೇಕು. ಆಯಿಲ್ ಬರುವ ತೂತು ಮತ್ತು ಸ್ಲಿಪ್ಪರ್‌ನ ಮುಖದಲ್ಲಿರುವ ಸಣ್ಣ ತೂತಿಗೆ ತೆಳು ತಂತಿ ಹಾಕಿ, ಗಾಳಿ ಹೊಡೆಯಿರಿ. ಬ್ಲಾಕ್‌ನಲ್ಲಿ ಅದಕ್ಕೆ ಆಯಿಲ್ ಕೊಡುವ ತೂತನ್ನೂ ನೋಡಿ, ಬ್ಲಾಕ್ ತೊಳೆದಾಗ ಬಂದ ಕಸ ಅಲ್ಲಿ ಕೂತಿರುವುದುಂಟು.

ಜೋಡಿಸುವ ರೀತಿ: ಸ್ಪ್ರಿಂಗ್ ಮತ್ತು ಸಿಲಿಂಡರ್ ಅನ್ನು ಸ್ಲಿಪ್ಪರ್ ಒಳಗಿಟ್ಟು ಒತ್ತಿ, ಆಲನ್ ಕೀಯಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಸಿಲಿಂಡರ್‌ನ ತುದಿ ಗೂಟದ ಕೆಳಗೆ ಹೋಗಿ ಸ್ಪ್ರಿಂಗ್ ಅದುಮಿದಂತೆಯೇ ನಿಲ್ಲಬೇಕು. ಈ ಜೋಡಣೆಯನ್ನು ಬಾಡಿಯೊಳಗೆ ಸೇರಿಸಿ, ಹಿಂದಿನ ತಗಡಿನ ಜೊತೆ ಬ್ಲಾಕಿಗೆ ಬೋಲ್ಟ್ ಮಾಡಿ, ಲಾಕ್ ವಾಷರ್ ಬಗ್ಗಿಸಿ. ಸ್ಲಿಪ್ಪರ್ ಬೆರಳಲ್ಲಿ ಸರಾಗವಾಗಿ ಆಡಬೇಕು, ಹಿಂದಿನ ತಗಡಿಗೆ ಉಜ್ಜಬಾರದು. ಆಮೇಲೆ ಬಾಡಿಯ ಕೆಳಗಿನ ಪ್ಲಗ್ ತೂತಿನಿಂದ ಆಲನ್ ಕೀ ಹಾಕಿ ಮತ್ತೆ ಅದೇ ದಿಕ್ಕಿಗೆ ತಿರುಗಿಸಿ. ಟಕ್ ಎಂದು ಬಿಟ್ಟುಕೊಂಡು ಸ್ಲಿಪ್ಪರ್ ತಾನಾಗಿ ಚೈನ್‌ಗೆ ಬಂದು ತಾಗುತ್ತದೆ. ಎದುರು ದಿಕ್ಕಿಗೆ ತಿರುಗಿಸಬೇಡಿ, ಸ್ಲಿಪ್ಪರ್ ಅನ್ನು ಸ್ಕ್ರೂಡ್ರೈವರ್‌ನಿಂದ ಚೈನ್ ಕಡೆ ಮೀಟಲೂ ಬೇಡಿ. ಒಳಗಿನ ತೋಡು ಕೆಡುತ್ತದೆ. ಪ್ಲಗ್ ಮತ್ತೆ ಹಾಕಿ, ಅದರ ಲಾಕ್ ವಾಷರ್ ಬಗ್ಗಿಸಿ. ಟೆನ್ಷನರ್ ಬಿಡುಗಡೆ ಮಾಡದೆಯೇ ಕವರ್ ಮುಚ್ಚಿದರೆ ಎಂಜಿನ್ ಮೊದಲ ಕ್ಷಣದಿಂದಲೇ ಗಲಗಲ ಎನ್ನುತ್ತದೆ, ಎಲ್ಲವನ್ನೂ ಮತ್ತೆ ಬಿಚ್ಚಬೇಕಾಗುತ್ತದೆ.

ಡಿಗ್ರಿ ಪರೀಕ್ಷೆ

ಚುಕ್ಕೆಗಳು ಸರಿಯಿದ್ದರೂ ಕ್ಯಾಮ್ ಸರಿಯಾದ ಜಾಗದಲ್ಲಿದೆ ಎಂದು ಹೇಳಲಾಗುವುದಿಲ್ಲ. ಈಗ ಸಿಗುವ ಕ್ಯಾಮ್, ಸ್ಪ್ರಾಕೆಟ್‌ಗಳಲ್ಲಿ ಕೀ ಕೂರುವ ತೋಡು ಕೊರೆದ ಜಾಗ ಅಷ್ಟಿಷ್ಟು ಆಚೀಚೆ ಇರುತ್ತದೆ. ಅರ್ಧ ದಿನ ಹಿಡಿಯುವ ಕೆಲಸವಾದರೂ ಹೆಡ್ ಇಲ್ಲದ ಈ ಹೊತ್ತಿನಲ್ಲಿ ಮಾಡುವುದು ಸುಲಭ.

ಕ್ರ್ಯಾಂಕ್ ತುದಿಗೆ ಡಿಗ್ರಿ ಡಿಸ್ಕ್ ಹಾಕಿ, ತಂತಿಯ ಮುಳ್ಳೊಂದನ್ನು ಕಟ್ಟಿ. 1ನೇ ಸಿಲಿಂಡರ್ ಮೇಲೆ ಅಡ್ಡಪಟ್ಟಿ ಬಿಗಿದು, ಪಿಸ್ಟನ್ ತುದಿಗೆ ಬರುವ ಮೊದಲೇ ತಡೆಯುವಂತೆ ಬೋಲ್ಟೊಂದನ್ನು ಇಳಿಬಿಡಿ. ಎರಡೂ ದಿಕ್ಕಿಗೆ ಮೆಲ್ಲಗೆ ತಿರುಗಿಸಿ, ಪಿಸ್ಟನ್ ತಾಗಿದ ಎರಡು ಡಿಗ್ರಿಗಳ ನಡುಮಧ್ಯವೇ ನಿಜವಾದ ತುದಿ. ಅಲ್ಲಿಗೆ ಡಿಸ್ಕಿನ ಸೊನ್ನೆ ಹೊಂದಿಸಿ, ಪಟ್ಟಿ ತೆಗೆಯಿರಿ.

ಬಿ-ಸೀರೀಸ್‌ನಲ್ಲಿ ಮುಂದಿನಿಂದ ಮೊದಲ ವಾಲ್ವ್ ಎಕ್ಸಾಸ್ಟ್, ಎರಡನೆಯದು ಇನ್‌ಲೆಟ್. ಆ ಎರಡನೇ ಟ್ಯಾಪೆಟ್ (ಕ್ಯಾಮ್ ಮೇಲಕ್ಕೆತ್ತುವ ತುಂಡು) ಮೇಲೆ ಪುಶ್‌ರಾಡ್ ನಿಲ್ಲಿಸಿ, ತುದಿಗೆ ಡಯಲ್ ಗೇಜ್ ಹಚ್ಚಿ. ಕ್ರ್ಯಾಂಕ್ ಅನ್ನು ಎಂಜಿನ್ ಓಡುವ ದಿಕ್ಕಿಗೆ ಮಾತ್ರ, ಎಂದರೆ ಎದುರಿಂದ ನೋಡಿದಾಗ ಗಡಿಯಾರದ ದಿಕ್ಕಿಗೆ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಚೈನ್‌ನ ಸಡಿಲ ಅಳತೆಯೊಳಗೆ ಸೇರಿಕೊಳ್ಳುತ್ತದೆ. ಪುಶ್‌ರಾಡ್ ಪೂರ್ತಿ ಎತ್ತರಕ್ಕೆ ಏರುವ ಮೊದಲು 0.5 ಮಿ.ಮೀ. ಬಾಕಿ ಇರುವಾಗಿನ ಡಿಗ್ರಿ, ಏರಿ 0.5 ಮಿ.ಮೀ. ಇಳಿದಾಗಿನ ಡಿಗ್ರಿ, ಎರಡನ್ನೂ ಬರೆದುಕೊಂಡು ಸರಾಸರಿ ತೆಗೆಯಿರಿ. ಎಂಜಿಬಿಯ ಸ್ಟ್ಯಾಂಡರ್ಡ್ ಕ್ಯಾಮ್‌ನಲ್ಲಿ ಇನ್‌ಲೆಟ್ ತುದಿಗಿಂತ 16 ಡಿಗ್ರಿ ಮೊದಲು ತೆರೆದು, ಪಿಸ್ಟನ್ ತಳ ಮುಟ್ಟಿದ 56 ಡಿಗ್ರಿ ನಂತರ ಮುಚ್ಚುತ್ತದೆ. ಹಾಗಾಗಿ ಪೂರ್ತಿ ಎತ್ತರ ಬರಬೇಕಾದದ್ದು ತುದಿಯಿಂದ 110 ಡಿಗ್ರಿಗೆ. 113 ಬಂದರೆ ಕ್ಯಾಮ್ 3 ಡಿಗ್ರಿ ಹಿಂದಿದೆ. ಒಂದೆರಡು ಡಿಗ್ರಿ ವ್ಯತ್ಯಾಸವನ್ನು ಬಿಡಬಹುದು, ಅದಕ್ಕಿಂತ ಹೆಚ್ಚಾದರೆ ಸ್ಪ್ರಾಕೆಟ್ ಅನ್ನು ತುಸು ಸರಿಸಿ ಕೂರಿಸುವ ಓರೆ ಕೀ ಹಾಕಿ ಸರಿಪಡಿಸಿ ಮತ್ತೆ ಅಳೆಯಿರಿ. ಬೇರೆ ಪ್ರೊಫೈಲ್‌ನ ಕ್ಯಾಮ್ ಹಾಕಿದ್ದರೆ ಅದರ ಜೊತೆ ಬಂದ ಚೀಟಿಯ ಲೆಕ್ಕವೇ ನಿಮ್ಮ ಲೆಕ್ಕ. ಎಲ್ಲ ಸರಿಯಾದ ಮೇಲೆ ಕ್ಯಾಮ್ ನಟ್ಟಿನ ಲಾಕ್ ವಾಷರ್ ಬಗ್ಗಿಸಿ.

ಆಯಿಲ್ ಥ್ರೋವರ್

ಕ್ರ್ಯಾಂಕ್ ಸ್ಪ್ರಾಕೆಟ್ ಮುಂದೆ ಬರುವ ತಟ್ಟೆ ಇದು. ಸೀಲ್ ಮೇಲೆ ಆಯಿಲ್ ನೇರವಾಗಿ ಬೀಳದಂತೆ ಎರಚಿ ದೂರ ಮಾಡುವುದು ಇದರ ಕೆಲಸ. "ಎಫ್" ಅಕ್ಷರ ಕೊರೆದ ಮುಖ ಹೊರಕ್ಕೆ, ಎಂದರೆ ಎಂಜಿನ್‌ನಿಂದ ಆಚೆಗೆ ಬರಬೇಕು. ಫೆಲ್ಟ್ ಸೀಲ್ ಇರುವ ಹಳೆಯ ಕವರ್‌ಗೆ ಬೇರೆ ಥ್ರೋವರ್, ಅದರ ತಗ್ಗಿನ ಮುಖ ಹೊರಕ್ಕೆ. ರಬ್ಬರ್ ಸೀಲಿನ ಕವರ್‌ಗೆ ಹಳೆಯ ಥ್ರೋವರ್ ಬೆರೆಸಬೇಡಿ. ಕವರ್ ಮತ್ತು ಥ್ರೋವರ್ ಒಂದೇ ಕಾಲದ ಜೋಡಿಯಾಗಿರಬೇಕು. ಮೇಜಿನ ಮೇಲೆ ಉಳಿದ ತಟ್ಟೆಯೊಂದು ಕವರ್ ಬಿಗಿದ ಮೇಲೆ ಕಣ್ಣಿಗೆ ಬಿದ್ದರೆ ಅದು ಸಾಮಾನ್ಯವಾಗಿ ಇದೇ.

ಕವರ್, ಸೀಲ್, ಪುಲಿ: ಮೂರನ್ನೂ ಒಟ್ಟಿಗೆ

ಕವರ್ ಒತ್ತಿದ ತಗಡಿನದು. ವರ್ಷಗಟ್ಟಲೆ ಬಿಗಿದು ಬಿಗಿದು ಅದರ ಬೋಲ್ಟ್ ತೂತುಗಳ ಸುತ್ತ ತಗಡು ಒಳಕ್ಕೆ ಕುಸಿದಿರುತ್ತದೆ. ಆಗ ಗ್ಯಾಸ್ಕೆಟ್ ಬೋಲ್ಟಿನ ಬಳಿ ಮಾತ್ರ ಒತ್ತುತ್ತದೆ, ನಡುವೆ ಬಾಯಿ ಬಿಡುತ್ತದೆ. ಅಂಚನ್ನು ಸಮತಟ್ಟಾದ ಕಬ್ಬಿಣದ ಮೇಲಿಟ್ಟು ಪ್ರತಿ ತೂತಿನ ಸುತ್ತ ಚಿಕ್ಕ ಸುತ್ತಿಗೆಯಿಂದ ತಟ್ಟಿ ಸಮ ಮಾಡಿ, ಗಾಜಿನ ಮೇಲಿಟ್ಟು ನೋಡಿ.

ಹೊಸ ಸೀಲ್ ಕೂರಿಸುವಾಗ ಕವರ್‌ನ ಸೀಲ್ ಜಾಗಕ್ಕೆ ಕೆಳಗಿನಿಂದ ಮರದ ಆಸರೆ ಕೊಡಿ. ತುಟಿ ಮತ್ತು ಸ್ಪ್ರಿಂಗ್ ಇರುವ ಬದಿ ಎಂಜಿನ್ ಕಡೆಗೆ. ಸೀಲಿನ ಅಗಲದ್ದೇ ಸಾಕೆಟ್ ಇಟ್ಟು ನೇರವಾಗಿ ಒತ್ತಿ. ತುಟಿಯ ಹಿಂದಿನ ತಗ್ಗಿಗೆ ಗ್ರೀಸ್ ತುಂಬಿ. ಒಣ ತುಟಿ ಮೊದಲ ನಿಮಿಷದಲ್ಲೇ ಸುಡುತ್ತದೆ, ಸ್ಪ್ರಿಂಗ್ ಕೂಡ ಹಾರಿ ಹೊರಬರಬಹುದು. ಫೆಲ್ಟ್ ಸೀಲ್ ಆದರೆ ಎಂಜಿನ್ ಆಯಿಲ್‌ನಲ್ಲಿ ನೆನೆಸಿ ಹಾಕಿ.

ಪುಲಿಯ ಕೊಳವೆಯನ್ನು ಉಗುರಿನಿಂದ ಕೆರೆದು ನೋಡಿ. ಹಳೆಯ ಸೀಲ್ ಓಡಿದ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ತೆಳು ಸ್ಟೀಲ್ ತೋಳು ಹಾಕಿಸಿ, ಅಥವಾ ಕವರ್‌ನಲ್ಲಿ ಜಾಗವಿದ್ದರೆ ಸೀಲನ್ನು ಒಂದೆರಡು ಮಿ.ಮೀ. ಹೆಚ್ಚು ಆಳಕ್ಕೆ ಒತ್ತಿ, ತುಟಿ ಹೊಸ ಜಾಗದಲ್ಲಿ ಓಡಲಿ. ಎಮರಿಯಿಂದ ಉಜ್ಜಿ ಗೆರೆ ಅಳಿಸಲು ಹೋದರೆ ವ್ಯಾಸ ಕಡಿಮೆಯಾಗುತ್ತದೆ ಅಷ್ಟೆ. ರಬ್ಬರ್ ಇರುವ ಪುಲಿಯಾದರೆ ರಬ್ಬರ್ ಬಿರುಕು ಬಿಟ್ಟಿದೆಯೇ, ಹೊರಬಳೆ ಜಾರಿದೆಯೇ ನೋಡಿ. ಬಳೆ ಜಾರಿದ್ದರೆ ಇಗ್ನಿಷನ್ ಟೈಮಿಂಗ್ ಗುರುತು ಸುಳ್ಳು ಹೇಳುತ್ತದೆ.

ಕವರ್ ತೂತುಗಳಿಗೆ ಬೋಲ್ಟ್‌ಗಿಂತ ಸ್ವಲ್ಪ ದೊಡ್ಡ ಅಗಲವಿದೆ, ಕವರ್ ಅತ್ತಿತ್ತ ಸರಿಯುತ್ತದೆ. ಕವರ್ ಮೊದಲು ಬಿಗಿದು ಆಮೇಲೆ ಪುಲಿ ತೂರಿಸಿದರೆ ಸೀಲ್ ಒಂದು ಬದಿಗೆ ಒತ್ತಿಕೊಂಡು ಇನ್ನೊಂದು ಬದಿಯಲ್ಲಿ ಸಡಿಲವಾಗಿರುತ್ತದೆ. ಹೊಸ ಸೀಲ್ ಹಾಕಿಯೂ ಸೋರುವ ಎಂಜಿನ್‌ಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಸರಿಯಾದ ಕ್ರಮ ಹೀಗೆ. ಪುಲಿಯ ಕೊಳವೆಗೆ ಆಯಿಲ್ ಸವರಿ, ಕೈಯಲ್ಲೇ ಕವರ್‌ನ ಸೀಲಿನೊಳಗೆ ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ತೂರಿಸಿ. ಗ್ಯಾಸ್ಕೆಟ್ ಅನ್ನು ಫ್ರಂಟ್ ಪ್ಲೇಟಿಗೆ ಅಂಟಿಸಿ. ಪುಲಿಯ ತೋಡನ್ನು ಕ್ರ್ಯಾಂಕ್‌ನ ಕೀಗೆ ಹೊಂದಿಸಿ, ಪುಲಿ ಮತ್ತು ಕವರ್ ಎರಡನ್ನೂ ಒಟ್ಟಿಗೆ ಒಳಕ್ಕೆ ಒತ್ತಿ. ಈಗ ಕವರ್ ಪುಲಿಯ ಮೇಲೆ ತೂಗುತ್ತಿರುತ್ತದೆ. ಸೀಲನ್ನು ಯಾವ ಕಡೆಗೂ ಎಳೆಯದೆ ಕವರ್ ತಿರುಗಿಸಿ ತೂತುಗಳನ್ನು ಹೊಂದಿಸಿ, ಎಲ್ಲ ಬೋಲ್ಟುಗಳನ್ನೂ ಬೆರಳಲ್ಲಿ ಹಚ್ಚಿ. ಪುಲಿ ಬೋಲ್ಟು ಅರ್ಧ ಬಿಗಿಯಿರಿ. ಆಮೇಲೆ ಎದುರುಬದುರಾಗಿ ಕವರ್ ಬೋಲ್ಟುಗಳು: 1/4 ಇಂಚಿನವು 6 ಫುಟ್-ಪೌಂಡ್ (8 ನ್ಯೂಟನ್ ಮೀಟರ್), 5/16 ಇಂಚಿನವು 14 (19 ನ್ಯೂಟನ್ ಮೀಟರ್). 6 ಫುಟ್-ಪೌಂಡ್ ಎಂದರೆ ತೀರಾ ಕಡಿಮೆ, ಕೈ ಅಂದಾಜಿನಲ್ಲಿ ಮೀರುವುದು ಸಹಜ, ಮೀರಿದರೆ ತಗಡು ಮತ್ತೆ ಕುಸಿಯುತ್ತದೆ. ಕೊನೆಗೆ ಪುಲಿ ಬೋಲ್ಟು 70 ಫುಟ್-ಪೌಂಡ್ (95 ನ್ಯೂಟನ್ ಮೀಟರ್), ಲಾಕ್ ವಾಷರ್ ಬಗ್ಗಿಸಿ.

ಡಿಗ್ರಿ ಡಿಸ್ಕಿನಿಂದ ಕಂಡುಕೊಂಡ ನಿಜವಾದ ತುದಿಗೆ ಪುಲಿಯ ಗುರುತೂ ಕವರ್‌ನ ಮುಳ್ಳೂ ಕೂಡುತ್ತವೆಯೇ ಈಗಲೇ ನೋಡಿ, ಬಿಳಿ ಬಣ್ಣ ಹಚ್ಚಿಡಿ. ಡಿಸ್ಟ್ರಿಬ್ಯೂಟರ್ ಡ್ರೈವ್ ಹಾಕುವಾಗ 1ನೇ ಸಿಲಿಂಡರ್ ಕಂಪ್ರೆಷನ್‌ನ ತುದಿಯಲ್ಲಿರಬೇಕು. ಆಗ 4ನೆಯದರ ಎರಡು ಟ್ಯಾಪೆಟ್‌ಗಳಲ್ಲಿ ಒಂದು ಇಳಿಯುತ್ತ ಇನ್ನೊಂದು ಏರುತ್ತಿರುತ್ತದೆ.

ವಾಟರ್ ಪಂಪ್, ಥರ್ಮೋಸ್ಟಾಟ್, ಬೆಲ್ಟ್

ಪಂಪ್ ಶಾಫ್ಟ್ ಅಲುಗಿಸಿ ನೋಡಿ. ಆಟವಿದ್ದರೆ, ಅಥವಾ ಕೆಳಗಿನ ಸಣ್ಣ ತೂತಿನ ಸುತ್ತ ತುಕ್ಕಿನ ಕಲೆಯಿದ್ದರೆ ಬದಲಿಸಿ. ಬೋಲ್ಟುಗಳ ಉದ್ದ ಒಂದೇ ಅಲ್ಲ, ಬಿಚ್ಚುವಾಗಲೇ ರಟ್ಟಿನ ಮೇಲೆ ಪಂಪ್ ಚಿತ್ರ ಬರೆದು ಅದರಲ್ಲಿ ಚುಚ್ಚಿಟ್ಟುಕೊಳ್ಳಿ. 17 ಫುಟ್-ಪೌಂಡ್, 23 ನ್ಯೂಟನ್ ಮೀಟರ್. ಡೈನಮೋ ಅಥವಾ ಆಲ್ಟರ್ನೇಟರ್‌ನ ಮುಂದಿನ ಕಿವಿ ಪಂಪ್ ಬಾಡಿಗೇ ಬರುವುದರಿಂದ, ಅದರ ಬೋಲ್ಟುಗಳನ್ನು ಸಡಿಲವಾಗಿಟ್ಟು, ಪುಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ಸ್ಕೇಲ್ ಇಟ್ಟು ನೋಡಿ, ಆಮೇಲೆ ಬಿಗಿಯಿರಿ.

ಥರ್ಮೋಸ್ಟಾಟ್ 82 ಡಿಗ್ರಿಯದು ಸಾಮಾನ್ಯ, ಬಿಸಿ ಊರುಗಳಿಗೆ 74ರದ್ದೂ ಇದೆ. ಗಾಳಿ ಹೋಗುವ ಪಿನ್ನು ಇರುವುದನ್ನೇ ಕೊಳ್ಳಿ. ಮುಚ್ಚಳದ ನಟ್ಟುಗಳಿಗೆ 8 ಫುಟ್-ಪೌಂಡ್ ಸಾಕು. ಸ್ಟಡ್‌ಗಳಿಗೆ ಗ್ರೀಸ್ ಸವರಿಟ್ಟರೆ ಮುಂದಿನ ಸಲ ಮುರಿಯುವುದಿಲ್ಲ. ಬೆಲ್ಟಿನ ಉದ್ದನೆಯ ಬದಿ ಬೆರಳಿಗೆ ಅರ್ಧ ಇಂಚು ಬಾಗಬೇಕು. ಅದಕ್ಕಿಂತ ಬಿಗಿಯಾದರೆ ಹೊಸ ಪಂಪ್‌ನ ಬೇರಿಂಗ್ ಬೇಗ ಹೋಗುತ್ತದೆ.

ಮೊದಲ ಸ್ಟಾರ್ಟ್ ಮತ್ತು ನಂತರ

ಸ್ಪಾರ್ಕ್ ಪ್ಲಗ್ ತೆಗೆದು, ಗೇಜ್‌ನಲ್ಲಿ ಆಯಿಲ್ ಒತ್ತಡ ಕಾಣುವವರೆಗೆ ಸ್ಟಾರ್ಟರ್ ತಿರುಗಿಸಿ. ಟೆನ್ಷನರ್‌ಗೆ ಆಯಿಲ್ ತುಂಬುವುದು ಆಗಲೇ. ಸ್ಟಾರ್ಟ್ ಆದ ಕೆಲವು ಕ್ಷಣಗಳಲ್ಲಿ ಚೈನ್ ಸದ್ದು ನಿಂತುಹೋಗಬೇಕು. ನಿಲ್ಲದಿದ್ದರೆ ಟೆನ್ಷನರ್ ಬಿಡುಗಡೆಯಾಗಿಲ್ಲ, ಇಲ್ಲವೇ ಆಯಿಲ್ ತೂತು ಕಟ್ಟಿದೆ.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಕವರ್ ಬೋಲ್ಟುಗಳನ್ನೂ ಬೆಲ್ಟನ್ನೂ ಮತ್ತೊಮ್ಮೆ ನೋಡಿ. ಮುಂದೆ ಆಯಿಲ್ ಕಂಡರೆ ತಕ್ಷಣ ಸೀಲ್‌ಗೆ ಕೈ ಹಾಕಬೇಡಿ. ಎಲ್ಲ ಒರೆಸಿ, ಟಾಲ್ಕಮ್ ಪೌಡರ್ ಉದುರಿಸಿ, ಹತ್ತು ನಿಮಿಷ ಓಡಿಸಿ. ಗೆರೆ ಎಲ್ಲಿಂದ ಇಳಿಯುತ್ತಿದೆ ಎಂಬುದು ಕಾಣುತ್ತದೆ. ರಾಕರ್ ಕವರ್‌ನಿಂದಲೋ ಟ್ಯಾಪೆಟ್ ಕವರ್‌ನಿಂದಲೋ ಬಂದ ಆಯಿಲ್ಲೂ ಪುಲಿ ಕೆಳಗೇ ಬಂದು ತೊಟ್ಟಿಕ್ಕುತ್ತದೆ. ಗೆರೆ ನಿಜಕ್ಕೂ ಸೀಲಿನಿಂದಲೇ ಬಂದಿದ್ದರೂ ಕವರ್ ಬಿಚ್ಚುವ ಮೊದಲು ಟ್ಯಾಪೆಟ್ ಕವರ್‌ನಿಂದ ಹೊರಡುವ ಬ್ರೀದರ್ ಪೈಪ್ ತೆಗೆದು ಒಳಗಿನ ಜಾಲರಿ ನೋಡಿ. ಅದು ಕಪ್ಪು ಮಡ್ಡಿಯಿಂದ ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸ್‌ನ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಒಳ್ಳೆಯ ಸೀಲಿನಿಂದಲೂ ಆಯಿಲ್ ತಳ್ಳುತ್ತದೆ. ಪೈಪನ್ನು ಪೆಟ್ರೋಲ್‌ನಲ್ಲಿ ತೊಳೆದು, ಒಣಗಿಸಿ, ಮತ್ತೆ ಹಾಕಿ ಓಡಿಸಿ ನೋಡಿ.